ಪಿ ಅಂದರೆ ಪಾವಗಡವಲ್ಲ

ಸಣ್ಣ ಡಾಕ್ಟ್ರಮ್ಮನ ನೋಂದಣಿ ಅರ್ಜಿಯನ್ನು ನಾನು ತುಂಬಿದ್ದು ಹೊಸತೊಡಕಿನ ದಿನ. ಯುಗಾದಿಯ ಮಾರನೆಯ ಆ ದಿನ ನಮ್ಮ ಕಡೆ ಎಲ್ಲರ ಮನೆಯಲ್ಲೂ ಬಾಡೂಟ. ಸಂಜೆಯವರೆಗೆ ಆಸ್ಪತ್ರೆಯ ಕಡೆ ಯಾರೂ ತಲೆ ಹಾಕುವುದಿಲ್ಲ. ಸಂಜೆಯ ಮೇಲೆ ಹೊಟ್ಟೆನೋವಿನವರು ಬರುತ್ತಾರೆ. ಆ ನಡುವಿನ ಬಿಡುವಿನಲ್ಲಿ ಮುಗಿಸಿಬಿಡೋಣ ಎಂದು ಕಂಪ್ಯೂಟರ್ ಮುಂದೆ ಕೂತೆ.

ಆಸ್ಪತ್ರೆ ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯ ಬದಿಯಲ್ಲಿತ್ತು. ಆರು ಹಾಸಿಗೆ, ಒಂದು ಹೆರಿಗೆ ಕೋಣೆ, ಹಿಂದೆ ದೊಡ್ಡ ಡಾಕ್ಟ್ರಮ್ಮನ ಮನೆ. ಇಡೀ ಆಸ್ಪತ್ರೆಗೆ ಡಾಕ್ಟರೆಂದರೆ ಅವರೊಬ್ಬರೇ. ಕಿಟಕಿಯಲ್ಲಿ ಕೂತು ಬಂದವರ ಹೆಸರು, ಊರು, ವಯಸ್ಸು ಕೇಳಿ ಚೀಟಿ ಬರೆಯುವುದು, ಕಚೇರಿ ಕಾಗದಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಜನ ನನ್ನನ್ನು ಚೀಟಿ ಅಕ್ಕ ಎಂದೇ ಕರೆಯುತ್ತಿದ್ದರು. ಆ ವರ್ಷ ದೊಡ್ಡ ಡಾಕ್ಟ್ರಮ್ಮನಿಗೆ ಅರವತ್ತೆಂಟು. ಹೃದಯದ ರಕ್ತನಾಳಗಳು ಮೂರು ಕಡೆ ಕಟ್ಟಿಕೊಂಡಿವೆ, ಬೈಪಾಸ್ ಮಾಡಲೇಬೇಕು, ಆಮೇಲೆ ಮೂರು ತಿಂಗಳು ವಿಶ್ರಾಂತಿ ಎಂದು ಬೆಂಗಳೂರಿನಲ್ಲಿ ಹೇಳಿದ್ದರು. ಇವರು ಮಾತ್ರ ಒಂದೇ ಹಟ ಹಿಡಿದಿದ್ದರು.

"ನನ್ನ ಕುರ್ಚಿ ಮೇಲೆ ಇನ್ನೊಬ್ಬರು ಕೂತ ದಿನ ಹೊರಡ್ತೀನಿ. ಅಲ್ಲೀತನಕ ಆ ಮಾತು ಎತ್ತಬೇಡ ಕಣೇ."

ಆ ಇನ್ನೊಬ್ಬರು ಸಿಕ್ಕಿದ್ದರು: ಸಣ್ಣ ಡಾಕ್ಟ್ರಮ್ಮ. ಪಾವಗಡ ತಾಲ್ಲೂಕಿನ ಗಡಿ ಊರಿನ ಪ್ರೈಮರಿ ಮೇಷ್ಟ್ರ ಮಗಳು. ಹೊರದೇಶದಲ್ಲಿ ಆರು ವರ್ಷ ಡಾಕ್ಟರ್ ಓದು ಮುಗಿಸಿ ಬಂದು, ಹೊರಗೆ ಓದಿದವರಿಗೆ ಇಲ್ಲಿ ಇಡುವ ಪರೀಕ್ಷೆಯನ್ನು ಎರಡನೆಯ ಸಲಕ್ಕೆ ಪಾಸು ಮಾಡಿ, ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ವರ್ಷ ಇಂಟರ್ನಿಯಾಗಿ ದುಡಿದಿದ್ದಳು. ಇನ್ನು ಬೇಕಾಗಿದ್ದದ್ದು ಕಾಯಂ ನೋಂದಣಿ ಸಂಖ್ಯೆ ಒಂದೇ. ಅದು ಬರುವವರೆಗೆ ಅವಳು ತನ್ನ ಹೆಸರಿನಲ್ಲಿ ಜ್ವರದ ಮಾತ್ರೆಗೂ ಚೀಟಿ ಬರೆಯುವಂತಿರಲಿಲ್ಲ. ದೊಡ್ಡ ಡಾಕ್ಟ್ರಮ್ಮನ ಪಕ್ಕ ಒಂದು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು.

ಅರ್ಜಿಗೆ ಹದಿನಾಲ್ಕು ಕಾಗದ ಲಗತ್ತಿಸಬೇಕಿತ್ತು. ಪದವಿ ಪತ್ರ, ಅದರ ಭಾಷಾಂತರ, ಅಂಕಪಟ್ಟಿ, ಪಾಸ್‌ಪೋರ್ಟಿನ ಎಲ್ಲ ಪುಟ, ಹೋಗಿ ಬಂದ ಮೊಹರುಗಳು, ಇಂಟರ್ನಿ ಮುಗಿಸಿದ ಪತ್ರ, ಇನ್ನೂ ಏನೇನೋ. ಒಂದೊಂದೂ ಇಂತಿಷ್ಟೇ ಗಾತ್ರದಲ್ಲಿರಬೇಕು. ಗಾತ್ರ ಕುಗ್ಗಿಸಿದರೆ ಮೊಹರು ಮಸುಕಾಗುತ್ತಿತ್ತು, ಮೊಹರು ಕಾಣುವಂತೆ ಮಾಡಿದರೆ ಫೈಲು ಹತ್ತುತ್ತಿರಲಿಲ್ಲ. ಎರಡು ಗಂಟೆ ಅದರಲ್ಲೇ ಹೋಯಿತು. ಹೆಸರಿನ ಕಾಲಂ ತುಂಬಿದ್ದು ಮಾತ್ರ ಅರ್ಧ ನಿಮಿಷದಲ್ಲಿ.

ಇನಿಶಿಯಲ್ ಬರೆಯಬಾರದು, ಬಿಡಿಸಿ ಬರೆಯಬೇಕು ಎಂದಿತ್ತು. ಇಂಟರ್ನಿಗೆ ಮೊದಲು ಕೊಟ್ಟಿದ್ದ ಹಳೆಯ ಅರ್ಜಿಯಲ್ಲಿ ಇನಿಶಿಯಲ್ ನಡೆದಿತ್ತು. ಈ ಹೊಸ ಅರ್ಜಿಯಲ್ಲಿ ನಡೆಯುತ್ತಿರಲಿಲ್ಲ. ನನ್ನ ಮುಂದೆ ಮೇಲುಗಡೆ ಇದ್ದದ್ದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದರಲ್ಲಿ ಹೆಸರಿನ ಜೊತೆ ಪಿ, ಎನ್. ನಮ್ಮ ಕಡೆ ಮೊದಲ ಅಕ್ಷರ ಊರು, ಎರಡನೆಯದು ಅಪ್ಪ. ನಾನು ಪುರವರದವಳು, ನನ್ನದೂ ಪಿ. ದಿನಕ್ಕೆ ಅರವತ್ತು ಚೀಟಿ ಬರೆದ ಕೈ ಅದು. ಪಿ ಎಂದ ಕೂಡಲೇ ಪಾವಗಡ ಎಂದು ಒತ್ತಿಬಿಟ್ಟೆ. ಪಾಸ್‌ಪೋರ್ಟ್ ಕೈಗೆಟುಕುವ ಹಾಗೆ ಪಕ್ಕದಲ್ಲೇ ಇತ್ತು. ಹೆಸರು ನೋಡಲು ಅದನ್ನು ತೆರೆಯಬೇಕೆಂದು ಅನ್ನಿಸಲೇ ಇಲ್ಲ.

ಹಬ್ಬಕ್ಕೆ ಊರಿಗೆ ಹೋಗಿದ್ದವಳಿಗೆ ಫೋನು ಮಾಡಿದೆ. ಓಟಿಪಿ ಅವಳ ಮೊಬೈಲಿಗೆ ಬರಬೇಕಿತ್ತು.

"ಬಂತಕ್ಕಾ, ಬರ್ಕೋ. ಎಲ್ಲಾ ಸರಿಯಾಗಿದೆಯಾ?"

"ಎಲ್ಲಾ ಸರಿಯಾಗಿದೆ ತಾಯಿ. ನೀನು ಊಟ ಮಾಡೋಗು."

ಸಲ್ಲಿಸಿದ ಮೇಲೆ ತಿದ್ದಲು ಅವಕಾಶವಿಲ್ಲ ಎಂಬ ಸಾಲನ್ನು ಓದಿಯೇ ಗುಂಡಿ ಒತ್ತಿದೆ.

ಆಮೇಲೆ ಕಾಯುವ ಕಾಲ. ಬೆಳಿಗ್ಗೆ ಕಸ ಗುಡಿಸುವ ಮೊದಲು ಕಂಪ್ಯೂಟರಿನಲ್ಲಿ ಅರ್ಜಿಯ ಸ್ಥಿತಿ ನೋಡುವುದು ನನಗೆ ಅಭ್ಯಾಸವಾಯಿತು. 'ಪರಿಶೀಲನೆಯಲ್ಲಿದೆ.' ಕಡಲೆಕಾಯಿ ಬಿತ್ತನೆಯ ಹೊತ್ತಿಗೂ ಅದೇ, ಕಳೆ ಕೀಳುವ ಹೊತ್ತಿಗೂ ಅದೇ. ನೋಂದಣಿ ಕಚೇರಿಗೆ ಫೋನು ಮಾಡಿದರೆ, ಹೊರದೇಶದ ಪದವಿ, ಅವರ ವಿಶ್ವವಿದ್ಯಾಲಯವೇ ಹೌದೆಂದು ಬರೆಯಬೇಕು, ಕಾಗದ ರಾಯಭಾರ ಕಚೇರಿಯ ಮೂಲಕ ಹೋಗಿದೆ ಎನ್ನುತ್ತಿದ್ದರು. ಫೋನೆತ್ತುವ ಹೆಂಗಸು ಒಳ್ಳೆಯವರು. ನನ್ನ ದನಿ ಕೇಳಿದ ಕೂಡಲೇ, "ಮಧುಗಿರಿಯವರಾ? ಇನ್ನೂ ಇಲ್ಲ ಮೇಡಂ" ಎಂದು ಅವರೇ ಹೇಳಿ ಇಟ್ಟುಬಿಡುತ್ತಿದ್ದರು. ಆಪರೇಷನ್ನಿಗೆ ಕೊಟ್ಟಿದ್ದ ಮೊದಲ ದಿನಾಂಕವನ್ನು ದೊಡ್ಡ ಡಾಕ್ಟ್ರಮ್ಮ ಮುಂದಕ್ಕೆ ಹಾಕಿಸಿಕೊಂಡರು.

ಹೆರಿಗೆ ಕೋಣೆಯಿಂದ ಹೊರಬಂದರೆ ಈಗ ಅವರು ಗೋಡೆ ಹಿಡಿದು ನಿಂತು, ಉಸಿರು ಸರಿಮಾಡಿಕೊಂಡು ಮುಂದಿನ ಹೆಜ್ಜೆ ಇಡುತ್ತಿದ್ದರು. ಸ್ಟೂಲಿನ ಮೇಲಿದ್ದವಳು ಎದ್ದು ಕೈ ಕೊಡುತ್ತಿದ್ದಳು. ಅವಳಿಂದ ಆಗುತ್ತಿದ್ದದ್ದು ಅಷ್ಟೇ. ಜನಕ್ಕೆ ಅವಳು ವಿಚಿತ್ರವಾಗಿ ಕಂಡಳು. ಮಂಡಿನೋವಿಗೆ ತಿಂಗಳಿಗೊಮ್ಮೆ ಬರುವ ಒಬ್ಬ ಅಜ್ಜಿ ಅವಳನ್ನು ಕೆಣಕದೆ ಹೋಗುತ್ತಿರಲಿಲ್ಲ.

"ಏನವ್ವಾ, ಇನ್ನೂವೆ ಪಾಸಾಗ್ನಿಲ್ವಾ ನೀನು?"

"ಪಾಸಾಗಿದೀನಿ ಅಜ್ಜಿ. ನಂಬರ್ ಬಂದಿಲ್ಲ."

"ನನ್ ಮೊಮ್ಮಗಂದೂ ಇಂಗೇ ಕಣಮ್ಮ. ಪಾಸಾಗಿವ್ನಿ ಅಂತಾನೆ, ನಂಬರ್ ಮಾತ್ರ ಬರಾಕಿಲ್ಲ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಸ್ವಲ್ಪ ಹೊತ್ತಿಗೆ ಔಷಧಿ ಕೋಣೆಗೆ ಹೋಗಿ ಸುಮ್ಮನೆ ಡಬ್ಬಗಳನ್ನು ಜೋಡಿಸತೊಡಗಿದಳು. ಮೊದಲೇ ಜೋಡಿಸಿದ್ದ ಡಬ್ಬಗಳು ಅವು.

ಗೌರಿ ಹಬ್ಬದ ಹಿಂದಿನ ದಿನ ಉತ್ತರ ಬಂತು. ಈ ಹೆಸರಿನ ವಿದ್ಯಾರ್ಥಿನಿ ತಮ್ಮಲ್ಲಿ ಓದಿದ ದಾಖಲೆ ಇಲ್ಲ ಎಂದು ವಿಶ್ವವಿದ್ಯಾಲಯದವರು ಬರೆದಿದ್ದರು. ಆದ್ದರಿಂದ ಅರ್ಜಿಯನ್ನು ತಡೆಹಿಡಿಯಲಾಗಿದೆ. ಪದವಿ ಪತ್ರದ ಸಾಚಾತನದ ಬಗ್ಗೆ ವಿವರಣೆ ಕೊಡಬೇಕು. ನಕಲಿ ಎಂಬ ಪದ ಎಲ್ಲೂ ಇರಲಿಲ್ಲ. ಆದರೂ ಅವಳು ಓದಿ ಮುಗಿಸಿ, ಮತ್ತೆ ಮೊದಲಿನಿಂದ ಓದಿದಳು.

"ಆರು ವರ್ಷ ಅಕ್ಕಾ. ನಾನು ಅಲ್ಲಿರಲೇ ಇಲ್ಲ ಅಂತಾರಲ್ಲ."

ಪಾಸ್‌ಪೋರ್ಟನ್ನು ಅವತ್ತು ತೆರೆದೆ. ಪಿ ಎಂದಿದ್ದ ಕಡೆ ಪೆದ್ದಿಂಟಿ ಎಂದಿತ್ತು. ಅವರ ಕಡೆ ತೆಲುಗು ಮನೆತನಗಳಲ್ಲಿ ಮೊದಲ ಅಕ್ಷರ ಊರಲ್ಲ, ಮನೆಯ ಹೆಸರು. ಪೆದ್ದಿಂಟಿಯವರು ಎಂದರೆ ದೊಡ್ಡಮನೆಯವರು. ಇಲ್ಲಿಂದ ಐವತ್ತು ಕಿಲೋಮೀಟರ್ ದೂರದ ಪದ್ಧತಿ. ವಾರಕ್ಕೆ ಹತ್ತು ಜನವಾದರೂ ಆ ಕಡೆಯಿಂದ ಬಂದು ನನ್ನ ಕಿಟಕಿಯಲ್ಲಿ ಹೆಸರು ಹೇಳುತ್ತಿದ್ದರು. ಅವರೆಲ್ಲರ ಇನಿಶಿಯಲ್‌ಗಳನ್ನು ನಾನು ಬರೆದಿದ್ದೆ, ಏನೆಂದು ಒಬ್ಬರನ್ನೂ ಕೇಳಿರಲಿಲ್ಲ.

ತಪ್ಪು ನನ್ನದು ಎಂದು ಇಬ್ಬರ ಮುಂದೆಯೂ ಹೇಳಿದೆ. ಹುಡುಗಿ ಒಮ್ಮೆ ನಕ್ಕು, ಆಮೇಲೆ ಮುಖ ಮುಚ್ಚಿಕೊಂಡಳು. ದೊಡ್ಡ ಡಾಕ್ಟ್ರಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಊರು ಬಿಟ್ಟರೆ ಮನುಷ್ಯರಿಗೆ ಬೇರೆ ಗುರುತೇ ಇರಲ್ವೇನೇ ನಿನ್ನ ಲೆಕ್ಕದಲ್ಲಿ?" ಎಂದರು. ನಾನು ತಲೆ ತಗ್ಗಿಸಿದೆ. "ಅಳ್ತಾ ಕೂರಬೇಡ. ತಿದ್ದಕ್ಕೆ ಏನೇನು ಬೇಕು ನೋಡು."

ಬೇಕಾಗಿದ್ದದ್ದು ಬಹಳ. ಎರಡು ಹೆಸರೂ ಒಬ್ಬಳದೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ, ಅದಕ್ಕೆ ನೋಟರಿಯ ಮೊಹರು. ಒಂದು ಕನ್ನಡ, ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಪ್ರಕಟಣೆ. ಪಾವಗಡ ತಾಲ್ಲೂಕು ಕಚೇರಿಯಿಂದ 'ಒಂದೇ ವ್ಯಕ್ತಿ' ಎಂಬ ದೃಢೀಕರಣ. ಅದಕ್ಕೆ ಊರಿನಲ್ಲಿ ಮಹಜರು. ಅವು ಸೇರಿದ ಮೇಲೆ ಮತ್ತೆ ರಾಯಭಾರ ಕಚೇರಿ, ಮತ್ತೆ ವಿಶ್ವವಿದ್ಯಾಲಯ. ಮೊದಲ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿಗೆ ಒಂದು ಅಕ್ಷರ ಹೆಚ್ಚಾಗಿ, ಮಧುಗಿರಿಯ ನೋಟರಿಯ ಹತ್ತಿರ ಎರಡನೆಯ ಸಲ ಹೋದೆ. ಈ ಸಲ ಪ್ರತಿ ಪದಕ್ಕೂ ಬೆರಳಿಟ್ಟು ಮೂರು ಬಾರಿ ಓದಿದೆ. ನೋಟರಿ ಬೇಸರಪಡಲಿಲ್ಲ. "ಮದುವೆ ಕಾಗ್ದ ಓದ್ದಂಗೆ ಓದ್ತಿದೀಯಲ್ಲಮ್ಮ" ಎಂದರು.

ಮಹಜರಿಗೆ ನಾನೂ ಹೋದೆ. ಬಸ್ಸಿಳಿದು ಸೋಲಾರ್ ಫಲಕಗಳ ಬೇಲಿಯ ಪಕ್ಕ ನಡೆದರೆ ಅವಳ ಊರು. ಗ್ರಾಮ ಆಡಳಿತ ಅಧಿಕಾರಿ ಜಗಲಿಯ ಮೇಲೆ ಕೂತು, ಅಕ್ಕಪಕ್ಕದ ಐವರನ್ನು ಕರೆಸಿ ಕೇಳುತ್ತ ಹೋದರು. ಎಲ್ಲರೂ ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದರು. ಕೊನೆಗೆ ಹುಡುಗಿಯ ಅಜ್ಜಿಯ ಸರದಿ.

"ಅಜ್ಜೀ, ನಿಮ್ಮ ಮನೆತನದ ಹೆಸರು ಪೆದ್ದಿಂಟಿ ಅನ್ನೋದು ನಿಜವಾ?"

"ಪೇರು ಪೆದ್ದಿಲ್ಲು ಸಾಮೀ, ಉಂಡೇದಿ ರೆಂಡು ಅಂಕಣಾಲು!"

ಜಗಲಿಯವರೆಲ್ಲ ಹೋ ಎಂದು ನಕ್ಕರು. ಅಧಿಕಾರಿ ನಮ್ಮ ಹುಡುಗಿಯ ಮುಖ ನೋಡಿದರು.

"ಹೆಸರು ದೊಡ್ಡಮನೆ, ಇರೋದು ಎರಡೇ ಅಂಕಣ ಅಂತಿದಾರೆ ಸರ್."

"ಇದನ್ನ ಹೆಂಗಮ್ಮ ಬರ್ಕೊಳ್ಳೋದು ನಾನು?" ಎಂದು ಅವರೂ ನಕ್ಕು, ಹೌದು ಎಂದಷ್ಟೇ ಬರೆದುಕೊಂಡರು. ಅಜ್ಜಿ ಹೆಬ್ಬೆಟ್ಟೊತ್ತಿ, ಶಾಯಿಯನ್ನು ಮೊಮ್ಮಗಳ ವೇಲಿಗೆ ಒರೆಸಿದಳು. ಆ ಎಲ್ಲ ತಿಂಗಳುಗಳಲ್ಲಿ ನಾನು ಮನಸ್ಸು ಬಿಚ್ಚಿ ನಕ್ಕದ್ದು ಅವತ್ತು ಒಂದೇ ದಿನ.

ದೀಪಾವಳಿ ಕಳೆದು ಕಾಗದಗಳು ಮತ್ತೆ ಹೋದವು. ಮತ್ತೆ 'ಪರಿಶೀಲನೆಯಲ್ಲಿದೆ'.

ಒಂದು ಬೆಳಿಗ್ಗೆ ದೊಡ್ಡ ಡಾಕ್ಟ್ರಮ್ಮ ರೋಗಿಯ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟವರು ಹಾಗೇ ಮುಂದಕ್ಕೆ ಬಾಗಿ, ಮೇಜು ಹಿಡಿದುಕೊಂಡರು. ಹುಡುಗಿ ನಾಡಿ ನೋಡಿ, ಇಸಿಜಿ ತೆಗೆದು, ಪಟ್ಟಿಯನ್ನು ಅವರ ಕಣ್ಣ ಮುಂದೆ ಹಿಡಿದಳು. ಆ ಪಟ್ಟಿ ಬೇರೆ ಯಾರದಾದರೂ ಆಗಿದ್ದರೆ ಅರ್ಧ ಗಂಟೆಯಲ್ಲಿ ಆಂಬುಲೆನ್ಸ್ ಹತ್ತಿಸುತ್ತಿದ್ದರು. ದೊಡ್ಡ ಡಾಕ್ಟ್ರಮ್ಮ ಅವತ್ತೇ ಬೆಂಗಳೂರಿಗೆ ಫೋನು ಮಾಡಿ ಮುಂದಿನ ವಾರದ ದಿನಾಂಕ ತೆಗೆದುಕೊಂಡರು.

ಹೊರಡುವ ಹಿಂದಿನ ಮಧ್ಯಾಹ್ನ ನನ್ನನ್ನು ಕರೆದು ಚೀಟಿಯ ಪುಸ್ತಕವೊಂದನ್ನು ಕೊಟ್ಟರು. ಹೊರಗಿನ ಅಂಗಡಿಯ ಔಷಧಿಗೆ ಬರೆದುಕೊಡುವ ಐವತ್ತು ಖಾಲಿ ಚೀಟಿಗಳು. ಪ್ರತಿಯೊಂದರ ಕೆಳಗೂ ಅವರ ಸಹಿ, ಮೊಹರು.

"ಅವಳು ನೋಡಲಿ, ಬರೀಲಿ. ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಇವು ಮುಗಿದರೆ ಇನ್ನೊಂದು ಪುಸ್ತಕ ಕಳಿಸ್ತೀನಿ. ಮೂರು ತಿಂಗಳೊಳಗೆ ನಂಬರ್ ಬರ್ತದೆ. ನೀನು ಬಾಯಿ ಮುಚ್ಚಿಕೊಂಡಿರು."

ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ಅವರು ಹೋಗಬೇಕೆಂಬುದೊಂದೇ ನನ್ನ ತಲೆಯಲ್ಲಿತ್ತು. ಕಾರು ಹೊರಟಾಗ ಮನಸ್ಸು ಹಗುರವಾಯಿತು. ಹುಡುಗಿ ಆ ಕುರ್ಚಿಯಲ್ಲಿ ಕೂರಲಿಲ್ಲ. ಸ್ಟೂಲನ್ನೇ ಮೇಜಿನ ಎದುರಿಗೆ ಎಳೆದುಕೊಂಡು ಎರಡು ದಿನ ರೋಗಿಗಳನ್ನು ನೋಡಿದಳು. ಚೆನ್ನಾಗಿ ನೋಡಿದಳು. ಒಬ್ಬ ಗಾರೆ ಕೆಲಸದವನ ಕೆಮ್ಮು ಬರೀ ಕೆಮ್ಮಲ್ಲ ಎಂದು ಹಿಡಿದು, ಕಫ ಪರೀಕ್ಷೆಗೆ ಕಳಿಸಿದಳು.

ಎರಡನೆಯ ದಿನ ಮಧ್ಯಾಹ್ನ ಮಧುಗಿರಿಯ ಔಷಧಿ ಅಂಗಡಿಯವರು ಫೋನು ಮಾಡಿದರು. ನಮ್ಮನ್ನು ಬಹಳ ವರ್ಷದಿಂದ ಬಲ್ಲವರು.

"ಚೀಟಿ ಅಕ್ಕಾ, ಡಾಕ್ಟ್ರಮ್ಮ ಬೆಂಗಳೂರಲ್ಲವ್ರಲ್ವಾ? ಇವತ್ತಿನ ತಾರೀಕ್ನಾಗೆ ಅವರ ಸೈನು ಹೆಂಗೆ ಬಂತು?"

ಹೊರಗೆ ಕೂತವರಿಗೆ ಕೇಳದಂತೆ ನಾನು ಒಳಗೆ ಸರಿದೆ.

"ನಾನೇನೂ ಯಾರ್ಗೂ ಯೋಳಾಕೋಗಲ್ಲ. ಆದ್ರೆ ನನ್ ಕಣ್ಣಿಗೆ ಕಂಡಿದ್ದು ನಾಳೆ ಇನ್ನೊಬ್ಬರ ಕಣ್ಣಿಗೂ ಬೀಳ್ತದೆ ಕಣಕ್ಕ. ಆ ಮಗೀನ್ ಗತಿ ಏನು?"

ಫೋನಿಟ್ಟು ಕಿಟಕಿಯಲ್ಲಿ ಕೂತೆ. ಪದವಿಯ ಮೇಲೆ ಈಗಾಗಲೇ ಅನುಮಾನ ಬಿದ್ದಿರುವ ಹುಡುಗಿ. ನೋಂದಣಿ ಇಲ್ಲದೆ ಇನ್ನೊಬ್ಬರ ಸಹಿಯಲ್ಲಿ ವೈದ್ಯ ಮಾಡಿದಳೆಂದು ಒಂದು ಸಾಲು ದೂರು ಹೋದರೆ ಆ ಸಂಖ್ಯೆ ಅವಳಿಗೆ ಎಂದೂ ಬರುವುದಿಲ್ಲ. ಸಹಿ ಹಾಕಿಟ್ಟ ತಪ್ಪಿಗೆ ದೊಡ್ಡ ಡಾಕ್ಟ್ರಮ್ಮನ ಸಂಖ್ಯೆಯೂ ಹೋಗಬಹುದು. ಬಾಗಿಲು ಹಾಕಿದರೆ ಬಂದವರು ವಾಪಸು ಹೋಗಬೇಕು. ಹೊರಗೆ ಹನ್ನೊಂದು ಜನ ಕೂತಿದ್ದರು.

ಪುಸ್ತಕದಲ್ಲಿ ಇಪ್ಪತ್ತಮೂರು ಚೀಟಿ ಉಳಿದಿದ್ದವು. ಒಂದೊಂದಾಗಿ ಹರಿದೆ. ಸದ್ದಿಗೆ ಹುಡುಗಿ ಹೊರಗೆ ಬಂದು ನೋಡಿದಳು. ಏನೂ ಕೇಳದೆ ಪಕ್ಕದಲ್ಲಿ ಕೂತು ತಾನೂ ಒಂದಿಷ್ಟು ಹರಿದಳು. ಬಾಗಿಲಿಗೆ 'ಡಾಕ್ಟರ್ ಇಲ್ಲ, ಮಧುಗಿರಿಗೆ ಹೋಗಿ' ಎಂದು ಬರೆದು ಅಂಟಿಸಿದೆ. ಕೂತಿದ್ದವರು ಬೈದರು. "ಒಳಗ್ ಡಾಕ್ಟ್ರು ಕೂತವ್ರೆ, ಒರಗ್ ಡಾಕ್ಟ್ರಿಲ್ಲ ಅಂತ ಬರೀತೀಯಲ್ಲೇ, ಕಣ್ಣಿಲ್ವಾ ನಿಂಗೆ?" ಎಂದ ಒಬ್ಬ. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಅವರಲ್ಲೇ ಯಾರೋ ನೇರವಾಗಿ ದೊಡ್ಡ ಡಾಕ್ಟ್ರಮ್ಮನಿಗೆ ಫೋನು ಮಾಡಿದರು. "ಬಾಗ್ಲಾಕ್ಬುಟ್ಟವ್ರೆ ಕಣಮ್ಮ" ಎಂದಿರಬೇಕು. ಮಾರನೆಯ ದಿನ ಹನ್ನೊಂದು ಗಂಟೆಗೆ ಕಾರು ಬಂದು ನಿಂತಿತು. ಆಪರೇಷನ್ನಿಗೆ ಇನ್ನೊಂದೇ ದಿನವಿತ್ತು. ತಮ್ಮ ಜವಾಬ್ದಾರಿಯ ಮೇಲೆ ಬಿಡುಗಡೆ ಎಂದು ಬರೆದುಕೊಟ್ಟು ಎದ್ದು ಬಂದಿದ್ದರು. ಮುಂಗೈಯಲ್ಲಿ ಸೂಜಿ ಚುಚ್ಚಿದ್ದ ಕಡೆ ಹತ್ತಿ ಅಂಟಿಕೊಂಡೇ ಇತ್ತು.

"ಬಾಗಿಲು ಹಾಕು ಅಂತ ಯಾರು ಹೇಳಿದ್ದು?"

"ನಾನೇ ಹಾಕಿದೆ ಅಮ್ಮಾ."

"ಚೀಟಿ?"

"ಹರಿದುಹಾಕಿದೆ."

ಬೈಯಲಿ ಎಂದು ನಾನು ಕಾದೆ.

"ಸರಿಯಾಗೇ ಮಾಡಿದೀಯ. ಆ ಬುದ್ಧಿ ನನಗಿರಬೇಕಿತ್ತು" ಎಂದರು. ಬಾಗಿಲಿನ ಕಾಗದ ಕಿತ್ತು, ಒಳಗೆ ಹೋಗಿ ಕುರ್ಚಿಯಲ್ಲಿ ಕೂತರು. "ಮೊದಲನೇ ಚೀಟಿ ಕಳಿಸು."

ವಾಪಸು ಹೋಗಿ ಎಂದು ನಾವಿಬ್ಬರೂ ದಿನವೂ ಬೇಡಿಕೊಂಡೆವು. ಹುಡುಗಿ ಒಮ್ಮೆ, "ನಾನು ಇಲ್ಲಿಗೆ ಬರದೇ ಇದ್ದಿದ್ರೆ ನೀವು ಯಾವಾಗಲೋ ಮುಚ್ಚಿ ಹೋಗ್ತಿದ್ರಿ, ನನ್ನ ಆಸೆಗೆ ಕೂತಿದೀರಿ" ಎಂದು ಕೂಗಾಡಿದಳು. "ಇನ್ನೇನು ಬಂತಲ್ಲ ನಿನ್ನ ನಂಬರು" ಎಂದರು ಅವರು. ನಾನು ಬೆಳಿಗ್ಗೆ ಕಂಪ್ಯೂಟರ್ ನೋಡುವುದನ್ನು ದಿನಕ್ಕೆ ನಾಲ್ಕು ಸಲ ಮಾಡಿಕೊಂಡೆ. ಸರಿಯಾದದ್ದನ್ನು ಮಾಡಿದ್ದೆ ಎಂದು ನನಗೆ ಗೊತ್ತಿತ್ತು. ಆದರೆ ಅವರು ಗೋಡೆ ಹಿಡಿದು ನಡೆದಾಗಲೆಲ್ಲ, ಆ ಇಪ್ಪತ್ತಮೂರು ಚೀಟಿ ಇದ್ದಿದ್ದರೆ ಎಂದೇ ಎಣಿಸುತ್ತಿದ್ದೆ.

ಹುಣಸೆ ಬಡಿಯುವ ಕಾಲದ ಒಂದು ಮಂಗಳವಾರ, ಬೆಳಿಗ್ಗೆ ಎಂಟಕ್ಕೆ, ನಾನು ಕಾಫಿ ತೆಗೆದುಕೊಂಡು ಹೋದಾಗ ದೊಡ್ಡ ಡಾಕ್ಟ್ರಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಬಿದ್ದಿದ್ದರು. ನನ್ನ ಕೂಗಿಗೆ ಹುಡುಗಿ ಓಡಿಬಂದಳು. ನೆಲದ ಮೇಲೆ ಮಂಡಿಯೂರಿ ಎದೆ ಒತ್ತತೊಡಗಿದಳು. ಎಣಿಸುತ್ತ ಒತ್ತಿದಳು, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ತನಗೇ ತಿಳಿಯದೆ ತೆಲುಗಿನಲ್ಲಿ. ಇಂಜೆಕ್ಷನ್ ಕೊಟ್ಟಳು. ಯಾವ ಕಾನೂನನ್ನೂ ಅವಳು ಆಗ ನೆನೆಯಲಿಲ್ಲ, ನಾನೂ ನೆನೆಯಲಿಲ್ಲ. ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಗೋಡೆಯ ಗಡಿಯಾರ ನೋಡಿದಳು.

"ಎಂಟು ಮೂವತ್ತೈದು" ಎಂದಳು. ಡಾಕ್ಟರು ಹೇಳುವ ಹಾಗೆಯೇ ಹೇಳಿದಳು.

ಆದರೆ ಅದನ್ನು ಬರೆದುಕೊಡಲು ಅವಳಿಗೆ ಹಕ್ಕಿರಲಿಲ್ಲ. ಆ ಮನೆಯಲ್ಲಿ ಇದ್ದ ಡಾಕ್ಟರುಗಳು ಇಬ್ಬರು. ಬರೆಯಬಹುದಾಗಿದ್ದವರು ನೆಲದ ಮೇಲಿದ್ದರು. ನಾನು ಮಧುಗಿರಿಯ ಒಬ್ಬ ಡಾಕ್ಟರಿಗೆ ಫೋನು ಮಾಡಿದೆ. ಅವರು ಬರುವವರೆಗೆ ನಾವು ದೇಹವನ್ನು ಹಾಸಿಗೆಗೆ ಎತ್ತಿ, ಕೂದಲು ಸರಿಮಾಡಿ, ಕೂತೆವು. ಅಂಗಳದಲ್ಲಿ ಜನ ತುಂಬಿದರು. ಮಂಡಿನೋವಿನ ಅಜ್ಜಿ ಬಾಗಿಲಲ್ಲಿ ನಿಂತು ಹುಡುಗಿಯನ್ನು ಕೇಳಿದಳು.

"ಓಗ್ಬುಟ್ರಾ ಅವ್ವಾ? ನೀನೇ ಯೋಳು, ನಿಂಗ್ ಗೊತ್ತಾಯ್ತದೆ."

"ಹೌದು ಅಜ್ಜಿ" ಎಂದಳು ಹುಡುಗಿ.

ಮಧುಗಿರಿಯ ಡಾಕ್ಟರು ಬಂದು ನಾಡಿ ಹಿಡಿದು, ಕಣ್ಣು ನೋಡಿ, ಎರಡು ನಿಮಿಷ ತಲೆ ತಗ್ಗಿಸಿ ನಿಂತರು. ಎಷ್ಟು ಹೊತ್ತಿಗಾಯಿತು ಎಂದು ಕೇಳಿದರು. ಹುಡುಗಿ ಹೇಳಿದಳು. "ನೀವು ಇಲ್ಲಿಯ ಡಾಕ್ಟರಾ?" ಎಂದರು. "ಇನ್ನೂ ಇಲ್ಲ ಸರ್" ಎಂದಳು. ಅವರು ಬೇಸರದಿಂದಲೇ, "ಹಾಗಾದರೆ ನಾನು ನೋಡಿದ ಸಮಯವನ್ನೇ ಬರೀಬೇಕಾಗ್ತದಮ್ಮ" ಎಂದು ಒಂಬತ್ತು ನಲವತ್ತೈದು ಎಂದು ಬರೆದು ಸಹಿ ಮಾಡಿದರು.

ನೋಂದಣಿ ಸಂಖ್ಯೆ ಇಪ್ಪತ್ತಾರು ದಿನಗಳ ಮೇಲೆ ಬಂತು. ಹೆಸರು ಸರಿಯಾಗಿತ್ತು. ಅಷ್ಟರಲ್ಲಿ ಆಸ್ಪತ್ರೆಗೆ ಬೀಗ ಬಿದ್ದಿತ್ತು. ಅದರ ಪರವಾನಗಿ ದೊಡ್ಡ ಡಾಕ್ಟ್ರಮ್ಮನ ಹೆಸರಿನಲ್ಲಿತ್ತು. ಹುಡುಗಿ ಈಗ ಸಿರಾದ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ನಾನೂ ಅಲ್ಲಿಯ ಕಿಟಕಿಯಲ್ಲಿ ಕೂರುತ್ತೇನೆ.

ಮೊನ್ನೆ ಕಾಗದಗಳನ್ನು ಜೋಡಿಸುವಾಗ ಆ ಮರಣದ ಚೀಟಿಯ ನಕಲು ಸಿಕ್ಕಿತು. ಹುಡುಗಿ ಅದನ್ನು ನೋಡಿ, "ಅಕ್ಕಾ, ಸಮಯ ತಪ್ಪಿದೆಯಲ್ಲ. ತಿದ್ದಿಸಬಹುದಿತ್ತು" ಎಂದಳು. ತಿದ್ದಿಸುವುದು ಹೇಗೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿದೆ? ಬೇಡ ಎಂದೆ. ಆ ಕಾಗದದ ಪ್ರಕಾರ ಅವರು ಎಂಟು ಮೂವತ್ತೈದರಿಂದ ಒಂಬತ್ತು ನಲವತ್ತೈದರವರೆಗೆ, ಒಂದು ಗಂಟೆ ಹತ್ತು ನಿಮಿಷ, ನಮ್ಮಿಬ್ಬರ ನಡುವೆ ಮಂಚದ ಮೇಲೆ ಬದುಕಿದ್ದಾರೆ. ಅವರು ಮಲಗಿ ವಿಶ್ರಾಂತಿ ತೆಗೆದುಕೊಂಡ ಹೊತ್ತು ಅದೊಂದೇ.